ಹಳೇ ಕಾಂಪ್ಯಾಕ್ಟ್ ಫಿಲ್ಮ್ ಕ್ಯಾಮೆರಾ: ಯಾವುದನ್ನು ಆರಿಸೋದು?

ಫೋಟೋ ತೆಗೆಯುವ ಮುಂಚೆ ಎರಡು ವಿಷಯ ತೀರ್ಮಾನ ಆಗಬೇಕು. ಎಷ್ಟು ಬೆಳಕು ಒಳಗೆ ಬಿಡಬೇಕು? ಎಷ್ಟು ದೂರಕ್ಕೆ ಫೋಕಸ್ ಮಾಡಬೇಕು? ಹಳೇ ಕಾಂಪ್ಯಾಕ್ಟ್ ಕ್ಯಾಮೆರಾಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲೇ ಇರುವುದು. ಕೆಲವು ಬೆಳಕನ್ನು ತಾವೇ ನೋಡಿಕೊಂಡು ದೂರವನ್ನು ನಿಮಗೆ ಬಿಡುತ್ತವೆ. ಕೆಲವು ಎರಡನ್ನೂ ನಿಮ್ಮ ತಲೆಗೆ ಕಟ್ಟುತ್ತವೆ. ಕೆಲವು ಎರಡನ್ನೂ ತಾವೇ ಮಾಡಿ, ಬಟನ್ ಒತ್ತುವುದೊಂದನ್ನು ನಿಮಗೆ ಉಳಿಸುತ್ತವೆ. ನಿಮಗೆ ಯಾವ ಕೆಲಸ ಖುಷಿ ಕೊಡುತ್ತದೆ, ಯಾವುದು ತಲೆನೋವು ಎಂಬುದು ಗೊತ್ತಾದರೆ ಮಾಡೆಲ್ ಹೆಸರುಗಳ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಲೆನ್ಸ್ ಎಷ್ಟು ಶಾರ್ಪ್ ಎಂಬ ವಾದವನ್ನು ನಾನು ಇಲ್ಲಿ ಜಾಸ್ತಿ ಎಳೆಯುವುದಿಲ್ಲ. ಮುಂದೆ ಬರುವ ಎಲ್ಲ ಕ್ಯಾಮೆರಾಗಳ ಲೆನ್ಸೂ ಸಾಮಾನ್ಯ ಪ್ರಿಂಟ್‌ಗೆ ಬೇಕಾದ್ದಕ್ಕಿಂತ ಚೆನ್ನಾಗಿವೆ. ಫೋಟೋ ಕೆಡುವುದು ಹೆಚ್ಚಾಗಿ ತಪ್ಪು ಫೋಕಸ್‌ನಿಂದ, ಕೈ ಅಲುಗಾಡಿದ್ದರಿಂದ, ಇಲ್ಲವೇ ಬೆಳಕು ಸಾಲದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 35 ಎಂಎಂ ಫಿಲ್ಮ್ ಹಾಕುವ ಕ್ಯಾಮೆರಾವನ್ನೇ ಕೊಳ್ಳಿ. ಕೊಡಕ್ ಕಂಪನಿ 1934ರಲ್ಲಿ ತಂದ ಆ ಪುಟ್ಟ ಡಬ್ಬಿ ಇವತ್ತಿಗೂ ಹಾಗೇ ಇದೆ, ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ. ಎಪಿಎಸ್ ಎಂಬ ಇನ್ನೊಂದು ಬಗೆಯ ಫಿಲ್ಮ್ ತಯಾರಿಕೆ ನಿಂತೇ ಹೋಗಿದೆ. 110 ಎಂಬ ಪುಟ್ಟ ಅಳತೆಯ ಫಿಲ್ಮ್ ಸಿಗುವುದು ಅಪರೂಪ. ಕ್ಯಾಮೆರಾ ಎಷ್ಟೇ ಮುದ್ದಾಗಿದ್ದರೂ ಫಿಲ್ಮ್ ಇಲ್ಲದಿದ್ದರೆ ಅದು ಶೋಕೇಸಿಗೇ ಸರಿ.

ಬ್ಯಾಟರಿಯೇ ಬೇಡದ ಟ್ರಿಪ್ 35

ಸರಳ ಕ್ಯಾಮೆರಾ ಎಂದಾಗ ನನಗೆ ಮೊದಲು ನೆನಪಾಗುವುದು ಒಲಿಂಪಸ್ ಟ್ರಿಪ್ 35. 1960ರ ದಶಕದ ಕೊನೆಯಲ್ಲಿ ಬಂದು 1984ರವರೆಗೂ ತಯಾರಾದ ಕ್ಯಾಮೆರಾ ಇದು. ಲಕ್ಷಗಟ್ಟಲೆ ಮಾರಾಟವಾದ ಕಾರಣ ಇನ್ನೂ ಸುಲಭವಾಗಿ ಸಿಗುತ್ತದೆ. ಲೆನ್ಸ್ ಸುತ್ತ ಗುಳ್ಳೆ ಗುಳ್ಳೆಯಾಗಿ ಕಾಣುವ ಗಾಜಿನ ಉಂಗುರವಿದೆ. ಅದರ ಹಿಂದಿರುವುದು ಸೆಲೀನಿಯಂ ಸೆಲ್. ಬೆಳಕು ಬಿದ್ದರೆ ಅದೇ ಒಂದಿಷ್ಟು ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟ್‌ಗೆ ಒಳಗಿನ ಮುಳ್ಳು ಅಲುಗಾಡುತ್ತದೆ. ನೀವು ಬಟನ್ ಒತ್ತಿದಾಗ ಮುಳ್ಳು ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ನಿಂತ ಜಾಗ ನೋಡಿಕೊಂಡು ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಹೋಗುವ ಕಿಂಡಿ) ಎಷ್ಟು ತೆರೆಯಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಬೋರ್ಡ್ ಇಲ್ಲ.

ಶಟರ್ (ಫಿಲ್ಮ್ ಮೇಲೆ ಬೆಳಕು ಬಿಡಲು ತೆರೆದು ಮುಚ್ಚುವ ಬಾಗಿಲು) ವೇಗ ಎರಡೇ. ಬೆಳಕು ಚೆನ್ನಾಗಿದ್ದರೆ 1/200 ಸೆಕೆಂಡ್, ಕಡಿಮೆಯಿದ್ದರೆ 1/40. ಯಾವುದು ಬೇಕೆಂದು ಕ್ಯಾಮೆರಾನೇ ಆರಿಸಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಒಂದು ಕೆಂಪು ಪಟ್ಟಿ ಮೇಲೇಳುತ್ತದೆ, ಬಟನ್ ಗಟ್ಟಿಯಾಗುತ್ತದೆ, ಫೋಟೋ ಆಗುವುದಿಲ್ಲ. ಒಂದು ಫ್ರೇಮ್ ಉಳಿಯಿತು ಎಂದುಕೊಳ್ಳಿ.

ದೂರದ ಲೆಕ್ಕ ಮಾತ್ರ ನಿಮ್ಮದು. ಲೆನ್ಸ್ ಉಂಗುರದ ಮೇಲೆ ನಾಲ್ಕು ಚಿತ್ರಗಳಿವೆ. ಒಂದು ತಲೆ ಅಂದರೆ 1 ಮೀಟರ್. ಇಬ್ಬರು ಅಂದರೆ 1.5 ಮೀಟರ್. ಗುಂಪು ಅಂದರೆ 3 ಮೀಟರ್. ಬೆಟ್ಟ ಅಂದರೆ ದೂರದ್ದೆಲ್ಲ. ಇದನ್ನು ಜೋನ್ ಫೋಕಸ್ ಎನ್ನುತ್ತಾರೆ. ಮೊದಲ ಸಲ ಕೇಳಿದವರಿಗೆ ಭಯವಾಗುತ್ತದೆ: ಕಣ್ಣಳತೆಯಲ್ಲಿ ಹೇಳಿದ ದೂರ ತಪ್ಪಾದರೆ? ಲೆಕ್ಕ ನೋಡಿ. ಇದರ ಲೆನ್ಸ್ 40 ಎಂಎಂ (ಎಷ್ಟು ಅಗಲದ ನೋಟ ಹಿಡಿಯುತ್ತದೆ ಎಂಬುದರ ಅಳತೆ). 3 ಮೀಟರ್‌ಗೆ ಇಟ್ಟು ಎಫ್/8ರಲ್ಲಿ (ಎಫ್ ಅಂದರೆ ಅಪರ್ಚರ್ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ತೆಗೆದರೆ ಸುಮಾರು 2 ಮೀಟರ್‌ನಿಂದ ಐದೂವರೆ ಮೀಟರ್‌ವರೆಗೆ ಎಲ್ಲವೂ ಶಾರ್ಪ್ ಆಗಿಯೇ ಕಾಣುತ್ತದೆ. ಬಿಸಿಲಿನಲ್ಲಿ ಎಫ್/16ಕ್ಕೆ ಹೋದರೆ ಒಂದೂವರೆ ಮೀಟರ್ ಆಚೆಯಿಂದ ಸುಮಾರು 30 ಮೀಟರ್‌ವರೆಗೆ. ಅಷ್ಟು ಸಡಿಲ ಸಿಕ್ಕಿದ ಮೇಲೆ ಅಳತೆ ಪಟ್ಟಿ ಯಾಕೆ? ತೊಂದರೆ ಬರುವುದು ಮಬ್ಬು ಬೆಳಕಿನಲ್ಲಿ. ಅಪರ್ಚರ್ ಪೂರ್ತಿ ತೆರೆದು ಎಫ್/2.8ಕ್ಕೆ ಬಂದರೆ ಅದೇ 3 ಮೀಟರ್ ಫೋಕಸ್ ಸುಮಾರು 2.6ರಿಂದ 3.5 ಮೀಟರ್‌ಗೆ ಇಳಿದುಬಿಡುತ್ತದೆ. ಆಗ ಕಣ್ಣಳತೆ ಸರಿಯಿರಬೇಕು.

ಹೊರಗೆ ಓಡಾಡುತ್ತಾ ಹಗಲಲ್ಲಿ ಫೋಟೋ ತೆಗೆಯುವವರಿಗೆ ಇದಕ್ಕಿಂತ ಹಿತವಾದ ಹಂಚಿಕೆ ನನಗೆ ಕಂಡಿಲ್ಲ. ಬೆಳಕಿನ ಲೆಕ್ಕ ಬೇಜಾರಿನ ಕೆಲಸ, ಅದನ್ನು ಕ್ಯಾಮೆರಾ ಮಾಡುತ್ತದೆ. ದೂರ ಗಮನಿಸುವುದು ನೋಡುವುದರದೇ ಭಾಗ, ಅದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಬಟನ್ ಅರ್ಧ ಒತ್ತಿ ಹಿಡಿದರೆ ಬೆಳಕಿನ ಅಳತೆ ಲಾಕ್ ಆಗುತ್ತದೆ. ಬೆನ್ನ ಹಿಂದೆ ಬೆಳಕಿರುವ ಮುಖ ತೆಗೆಯಬೇಕಾದರೆ ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ತಿರುಗಿಸಿ, ಅರ್ಧ ಒತ್ತಿ, ಮತ್ತೆ ಮೇಲೆತ್ತಿ. ಅಷ್ಟೇ.

ಕೊರತೆ ಇಲ್ಲವೇ? ಇದೆ. ರಾತ್ರಿ ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ಇದು ಹೆಚ್ಚು ಕಡಿಮೆ ಕೆಲಸಕ್ಕೆ ಬಾರದು. ಫಿಲ್ಮ್ ಸ್ಪೀಡ್ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಸಂಖ್ಯೆ) 400ರ ಮೇಲೆ ಹೋಗುವುದಿಲ್ಲ. ಸೆಲೀನಿಯಂ ಸೆಲ್ ವರ್ಷಗಳು ಕಳೆದಂತೆ ಸೊರಗುತ್ತದೆ, ಸದಾ ಬೆಳಕಿನಲ್ಲಿಟ್ಟರೆ ಇನ್ನೂ ಬೇಗ. ಬಳಸದಾಗ ಲೆನ್ಸ್ ಮುಚ್ಚಳ ಹಾಕಿಡುವುದು ಇದಕ್ಕೇ. ಮುಚ್ಚಳ ತೆಗೆಯಲು ಮರೆತರೆ ಕೆಂಪು ಪಟ್ಟಿಯೇ ನೆನಪಿಸುತ್ತದೆ.

ಒಂದು ರೋಲ್‌ಗೆ 72 ಫೋಟೋ: ಪೆನ್ ಇಇ

ಒಲಿಂಪಸ್ ಎಂಜಿನಿಯರ್ ಯೋಶಿಹಿಸಾ ಮೈತಾನಿ ವಿನ್ಯಾಸ ಮಾಡಿದ ಪೆನ್ ಕ್ಯಾಮೆರಾ 1959ರಲ್ಲಿ ಬಂತು. 1961ರ ಪೆನ್ ಇಇ ಅದನ್ನೇ ಇನ್ನಷ್ಟು ಸುಲಭ ಮಾಡಿತು. ಅದೇ ಗುಳ್ಳೆ ಉಂಗುರ, ಅದೇ ಸೆಲೀನಿಯಂ ಸೆಲ್. ಫೋಕಸ್ ಉಂಗುರವೇ ಇಲ್ಲ. 28 ಎಂಎಂ ಲೆನ್ಸನ್ನು ಒಂದು ದೂರಕ್ಕೆ ಕೂರಿಸಿಬಿಟ್ಟಿದ್ದಾರೆ. ಇಇ-2, ಇಇ-3 ಇದೇ ಜಾಡಿನವು. ತೀರಾ ಹತ್ತಿರದ ಮುಖ ಮಂಕಾಗುತ್ತದೆ, ಮಿಕ್ಕಿದ್ದೆಲ್ಲ ಸರಿ ಬರುತ್ತದೆ.

ಇದು ಹಾಫ್ ಫ್ರೇಮ್. ಅಂದರೆ 24×36 ಮಿ.ಮೀ. ಬದಲು 18×24 ಮಿ.ಮೀ. 36ರ ರೋಲ್‌ನಲ್ಲಿ 72 ಫೋಟೋ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಫೋಟೋ ಉದ್ದಕ್ಕೆ ಬರುತ್ತದೆ. ಫೋನ್ ನೋಡಿ ಬೆಳೆದ ಕಣ್ಣಿಗೆ ಅದು ಸಹಜವಾಗಿಯೇ ಕಾಣುತ್ತದೆ. ಗ್ರೇನ್ (ಫಿಲ್ಮ್‌ನ ಕಾಳು ಕಾಳು ಚುಕ್ಕೆ) ಜಾಸ್ತಿ ಕಾಣುತ್ತದೆ, ದೊಡ್ಡ ಪ್ರಿಂಟ್‌ಗೆ ಹೊಂದುವುದಿಲ್ಲ.

ಫಿಲ್ಮ್ ಖರ್ಚು ಅರ್ಧಕ್ಕೆ ಇಳಿಯಿತು ಎಂದು ಖುಷಿಪಡುವ ಮೊದಲು ಒಂದು ಯೋಚನೆ ಮಾಡಿ. 72 ಫೋಟೋ ಮುಗಿಯಲು ಎಷ್ಟು ದಿನ ಬೇಕು? ತಿಂಗಳಿಗೆ ನಾಲ್ಕು ಫೋಟೋ ತೆಗೆಯುವವರ ರೋಲ್ ಡೆವಲಪ್ ಆಗುವಷ್ಟರಲ್ಲಿ ಮೊದಲ ಫೋಟೋ ಎಲ್ಲಿ ತೆಗೆದದ್ದೆಂದೇ ಮರೆತಿರುತ್ತದೆ. ದಿನವೂ ಜೇಬಲ್ಲಿಟ್ಟುಕೊಂಡು ಸುಮ್ನೆ ತೆಗೆಯುತ್ತಾ ಹೋಗುವವರಿಗೆ ಪೆನ್ ಚೆನ್ನ. ಒಂದೊಂದು ಫೋಟೋಗೂ ನಿಂತು ಯೋಚಿಸುವವರಿಗೆ ಅಲ್ಲ. ಲ್ಯಾಬ್‌ಗೆ ಕೊಡುವಾಗ ಹಾಫ್ ಫ್ರೇಮ್ ಎಂದು ಹೇಳುವುದು ಮರೆಯಬೇಡಿ. ಹೇಳದಿದ್ದರೆ ಎರಡೆರಡು ಫೋಟೋ ಜೋಡಿಯಾಗಿ ಸ್ಕ್ಯಾನ್ ಆಗಿ ಬರಬಹುದು. ಕೆಲವರು ಬೇಕಂತಲೇ ಹಾಗೆ ಮಾಡಿಸಿ, ಅಕ್ಕಪಕ್ಕದ ಎರಡು ಫೋಟೋ ಒಂದಕ್ಕೊಂದು ಮಾತಾಡುವ ಹಾಗೆ ತೆಗೆಯುತ್ತಾರೆ. ಅದೂ ಒಂದು ಆಟ.

ಹಳೆಯದೇ ಬೇಕೆಂಬ ಹಟ ಇಲ್ಲದಿದ್ದರೆ 2024ರಲ್ಲಿ ಬಂದ ಪೆಂಟಾಕ್ಸ್ 17 ಇದೇ ದಾರಿಯ ಹೊಸ ಕ್ಯಾಮೆರಾ. ಹಾಫ್ ಫ್ರೇಮ್, ಜೋನ್ ಫೋಕಸ್, ಫಿಲ್ಮ್ ಮುಂದೆ ಸರಿಸಲು ಕೈಯಲ್ಲಿ ಎಳೆಯುವ ಲಿವರ್. ಹಳೇದರ ರಗಳೆ ಇಲ್ಲ, ಹಳೇದರ ಬೆಲೆಯೂ ಅಲ್ಲ.

ಜೇಬಿಗೆ ಹೋಗುವವು: ಎಕ್ಸ್‌ಎ ಮತ್ತು ಎಕ್ಸ್‌ಎ2

ಟ್ರಿಪ್ ಕೈಗೆ ಹಿತ, ಆದರೆ ಶರ್ಟ್ ಜೇಬಿಗೆ ಭಾರ. ಜೇಬೇ ಮುಖ್ಯವಾದರೆ 1979ರ ಒಲಿಂಪಸ್ ಎಕ್ಸ್‌ಎ, 1980ರ ಎಕ್ಸ್‌ಎ2 ನೋಡಿ. ಎಕ್ಸ್‌ಎ ಕೂಡ ಮೈತಾನಿಯದೇ ವಿನ್ಯಾಸ. ಲೆನ್ಸ್ ಮುಂದೆ ಜಾರುವ ಬಾಗಿಲು, ಒಂದೇ ಬೆರಳಲ್ಲಿ ತೆರೆಯಬಹುದು. ಮುಚ್ಚಳ ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಎರಡಕ್ಕೂ ಎಲ್ಆರ್44 ಅಳತೆಯ ಎರಡು ಬಟನ್ ಸೆಲ್ ಸಾಕು.

ಎರಡೂ ನೋಡಲು ಅಣ್ಣತಮ್ಮಂದಿರು. ಸ್ವಭಾವ ಮಾತ್ರ ಬೇರೆ. ಎಕ್ಸ್‌ಎಯಲ್ಲಿ ಅಪರ್ಚರ್ ನೀವು ಆರಿಸಬೇಕು, ಶಟರ್ ವೇಗ ಅದು ಕೊಡುತ್ತದೆ. ಫೋಕಸ್‌ಗೆ ರೇಂಜ್‌ಫೈಂಡರ್ ಇದೆ: ವ್ಯೂಫೈಂಡರ್ ನಡುವೆ ಎರಡಾಗಿ ಕಾಣುವ ಚಿತ್ರವನ್ನು ಪುಟ್ಟ ಲಿವರ್ ಸರಿಸಿ ಒಂದು ಮಾಡಬೇಕು. ಎಕ್ಸ್‌ಎ2ರಲ್ಲಿ ಅಪರ್ಚರ್, ಶಟರ್ ಎರಡೂ ಕ್ಯಾಮೆರಾದ್ದೇ. ಫೋಕಸ್‌ಗೆ ಮೂರು ಗುರುತು ಮಾತ್ರ. ಲೆನ್ಸ್ ಎಕ್ಸ್‌ಎಯದು ಎಫ್/2.8, ಎಕ್ಸ್‌ಎ2ರದು ಎಫ್/3.5.

ಕಾಗದದ ಮೇಲೆ ಎಕ್ಸ್‌ಎ ಮೇಲು, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಆದರೂ ಹೆಚ್ಚಿನವರಿಗೆ ನಾನು ಹೇಳುವುದು ಎಕ್ಸ್‌ಎ2. ಅದರ ಬಾಗಿಲು ಮುಚ್ಚಿದರೆ ಫೋಕಸ್ ತಾನಾಗಿ ನಡುವಿನ ಗುರುತಿಗೆ ಬಂದು ನಿಲ್ಲುತ್ತದೆ. ಮತ್ತೆ ತೆರೆದಾಗ ಏನೂ ಮುಟ್ಟದೆ ಬಟನ್ ಒತ್ತಿದರೆ ನಾಲ್ಕು ಹೆಜ್ಜೆ ಆಚೆಯ ಮನುಷ್ಯ ಸರಿಯಾಗಿಯೇ ಬರುತ್ತಾನೆ. ಇಷ್ಟು ಪುಟ್ಟ ಕ್ಯಾಮೆರಾ ಕೊಳ್ಳುವುದೇ ತಟ್ಟನೆ ತೆಗೆದು ತಟ್ಟನೆ ಒಳಗಿಡಲು, ಅಲ್ವಾ? ಎಕ್ಸ್‌ಎಯ ರೇಂಜ್‌ಫೈಂಡರ್ ಚುಕ್ಕೆ ಹಳೆಯದಾದಂತೆ ಮಸುಕಾಗುತ್ತದೆ ಎಂಬುದೂ ನೆನಪಿರಲಿ. ಹತ್ತಿರದ ಮುಖಗಳನ್ನು, ಹಿನ್ನೆಲೆ ಮಸುಕು ಮಾಡಿ ತೆಗೆಯುವ ಆಸೆ ಇದ್ದವರು ಮಾತ್ರ ಎಕ್ಸ್‌ಎಗೆ ಹೆಚ್ಚಿಗೆ ಕೊಡಲಿ.

ಎರಡರಲ್ಲೂ ಕೆಂಪು ಶಟರ್ ಬಟನ್ ಬಹಳ ಸೂಕ್ಷ್ಮ. ಬೆರಳು ತಾಗಿದರೆ ಸಾಕು, ಕ್ಲಿಕ್. ಮಂದ ಬೆಳಕಿನಲ್ಲಿ ಎಕ್ಸ್‌ಎ2 2 ಸೆಕೆಂಡ್‌ವರೆಗೂ ಶಟರ್ ತೆರೆದಿಡಬಲ್ಲದು. ಟ್ರಿಪ್ ಕೈಚೆಲ್ಲುವ ಕಡೆ ಇದು ಕೆಲಸ ಮಾಡುತ್ತದೆ, ಗೋಡೆಗೋ ಮೇಜಿಗೋ ಆನಿಸಿ ಹಿಡಿದರೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಎಲ್ಲವೂ ಎಲೆಕ್ಟ್ರಾನಿಕ್. ಬ್ಯಾಟರಿ ಸತ್ತರೆ ಕ್ಯಾಮೆರಾ ನಿಲ್ಲುತ್ತದೆ. ಸರ್ಕ್ಯೂಟ್ ಸತ್ತರೆ ರಿಪೇರಿ ಮಾಡುವವರು ಸಿಗುವುದು ಕಷ್ಟ.

ರೇಂಜ್‌ಫೈಂಡರ್‌ಗಳು ಮತ್ತು ಪಾದರಸದ ತಲೆನೋವು

ಬೆಳಕು ಕಡಿಮೆ ಇರುವ ಕಡೆ ಫ್ಲ್ಯಾಶ್ ಇಲ್ಲದೆ ತೆಗೆಯಬೇಕೆಂದರೆ ದೊಡ್ಡ ಅಪರ್ಚರ್ ಬೇಕು. ಅಷ್ಟು ತೆರೆದಾಗ ಕಣ್ಣಳತೆ ಸಾಲದು, ರೇಂಜ್‌ಫೈಂಡರ್ ಬೇಕು. 1972ರ ಕ್ಯಾನೊನೆಟ್ ಕ್ಯೂಎಲ್17 ಜಿ-III ಇದಕ್ಕೆ ಹೆಸರುವಾಸಿ. ಲೆನ್ಸ್ 40 ಎಂಎಂ ಎಫ್/1.7. ಫಿಲ್ಮ್ ಹಾಕುವುದು ಎಷ್ಟು ಸುಲಭವೆಂದರೆ, ತುದಿಯನ್ನು ಗುರುತಿನವರೆಗೆ ಎಳೆದು ಬಾಗಿಲು ಮುಚ್ಚಿದರೆ ಸಾಕು. 1970ರ ಒಲಿಂಪಸ್ 35 ಆರ್‌ಸಿ ಇನ್ನೂ ಚಿಕ್ಕದು, ಎಫ್/2.8. ಕೊನಿಕಾ ಸಿ35 1968ರದ್ದು. ಅದರಲ್ಲಿ ಬೆಳಕು ಪೂರ್ತಿ ಕ್ಯಾಮೆರಾದ ಪಾಲು, ಫೋಕಸ್ ನಿಮ್ಮ ಪಾಲು. ಟ್ರಿಪ್ ಇಷ್ಟವಾಗಿ, ದೂರದ ಊಹೆ ಮಾತ್ರ ಬೇಡ ಎನ್ನುವವರು ಸಿ35 ಹುಡುಕಬಹುದು.

ಈ ಮೂರಕ್ಕೂ ತಯಾರಾದ ಕಾಲದಲ್ಲಿ ಹಾಕುತ್ತಿದ್ದದ್ದು 1.35 ವೋಲ್ಟ್‌ನ ಪಾದರಸದ ಬ್ಯಾಟರಿ. ಪಾದರಸ ವಿಷ ಎಂಬ ಕಾರಣಕ್ಕೆ ಆ ಬ್ಯಾಟರಿ ಈಗ ಅಂಗಡಿಯಲ್ಲಿಲ್ಲ. ಅದೇ ಗಾತ್ರದ ಆಲ್ಕಲೈನ್ ಸಿಗುತ್ತದೆ. ಆದರೆ ಅದು 1.5 ವೋಲ್ಟ್, ಬಳಸಿದಂತೆ ವೋಲ್ಟೇಜ್ ಇಳಿಯುತ್ತಲೂ ಹೋಗುತ್ತದೆ. ಬೆಳಕು ಅಳೆಯುವ ಮೀಟರ್ ಮೋಸಹೋಗಿ, ಇರುವುದಕ್ಕಿಂತ ಜಾಸ್ತಿ ಬೆಳಕಿದೆ ಎಂದುಕೊಳ್ಳಬಹುದು. ಫೋಟೋ ಕಪ್ಪಾಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ಗಾತ್ರದ ಝಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ, ಮೂಲಕ್ಕೆ ಹತ್ತಿರ. ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಗೂಡಿನಲ್ಲಿ ಕೂರುತ್ತದೆ. ಅಂಟಿಸಿರುವ ಚೀಟಿ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಅದು ಬೇಗ ಒಣಗುತ್ತದೆ, ಅದೊಂದು ಕಿರಿಕಿರಿ.

ಕ್ಯಾನೊನೆಟ್ ಮತ್ತು 35 ಆರ್‌ಸಿ ಬ್ಯಾಟರಿ ಇಲ್ಲದೆಯೂ ನಡೆಯುತ್ತವೆ. ಮೀಟರ್ ಮಾತ್ರ ಇರುವುದಿಲ್ಲ. ಆಗ ಹಳೇ ಸೂತ್ರ ಸಾಕು: ಒಳ್ಳೆ ಬಿಸಿಲಿದ್ದರೆ ಎಫ್/16 ಇಟ್ಟು, ಫಿಲ್ಮ್ ಸ್ಪೀಡ್ ಎಷ್ಟಿದೆಯೋ ಅದಕ್ಕೆ ಹತ್ತಿರದ ಶಟರ್ ವೇಗ. 200ರ ಫಿಲ್ಮ್‌ಗೆ 1/250. ತೆಳು ಮೋಡವಿದ್ದರೆ ಎಫ್/11, ಪೂರ್ತಿ ಮೋಡ ಕವಿದಿದ್ದರೆ ಎಫ್/8.

ರೋಲೈ 35 ಬಗ್ಗೆ ಎರಡು ಮಾತು. 1966ರಲ್ಲಿ ಬಂತು, ಹೈಂಟ್ಸ್ ವಾಸ್ಕೆ ವಿನ್ಯಾಸ. ಅಂಗೈಯಲ್ಲಿ ಮುಚ್ಚಿಡಬಹುದಾದ ಲೋಹದ ಚಂದದ ವಸ್ತು. ಬೆಳಕು, ದೂರ ಎರಡೂ ನಿಮ್ಮದೇ. ಮೀಟರ್ ಮುಳ್ಳು ದಾರಿ ತೋರಿಸುತ್ತದೆ, ಅಷ್ಟೇ. ರೇಂಜ್‌ಫೈಂಡರ್ ಕೂಡ ಇಲ್ಲ. ಲೆನ್ಸ್ ಎಳೆದು, ತಿರುಗಿಸಿ, ಲಾಕ್ ಮಾಡಬೇಕು. ಲಿವರ್ ಎಳೆದು ಶಟರ್ ಸಜ್ಜು ಮಾಡದೆ ಲೆನ್ಸನ್ನು ಬಲವಂತವಾಗಿ ಒಳಗೆ ತಳ್ಳಬಾರದು. ಸಂಗ್ರಹಕ್ಕೆ ಚೆಂದ, ಕಲಿತವರ ಕೈಗೂ ಚೆಂದ. ಮೊದಲ ಕ್ಯಾಮೆರಾ ಆಗಿ ನಾನು ಯಾರಿಗೂ ಹೇಳುವುದಿಲ್ಲ.

ಎಲ್ಲವನ್ನೂ ತಾನೇ ಮಾಡುವವು

1977ರ ಕೊನಿಕಾ ಸಿ35 ಎಎಫ್ ಆಟೋಫೋಕಸ್ ಇರುವ ಮೊದಲ ಮಾರುಕಟ್ಟೆ ಕ್ಯಾಮೆರಾ. 1979ರಲ್ಲಿ ಕ್ಯಾನನ್ ಎಎಫ್35ಎಂ, 1983ರಲ್ಲಿ ನಿಕಾನ್ ಎಲ್35ಎಎಫ್ ಬಂದವು. ಇವು ದಪ್ಪ, ಕ್ಯಾನನ್ ಮತ್ತು ನಿಕಾನ್‌ನಲ್ಲಿ ಮೋಟಾರ್ ಸದ್ದು ಜೋರು. ನಿಕಾನ್‌ಗೆ ಎಲ್ಲೆಡೆ ಸಿಗುವ ಎಎ ಸೆಲ್ ಎರಡು ಸಾಕು, 35 ಎಂಎಂ ಎಫ್/2.8 ಲೆನ್ಸ್ ಇದೆ.

ಎಲ್ಲರ ಬಾಯಲ್ಲಿರುವುದು ಮಾತ್ರ 1991ರ ಒಲಿಂಪಸ್ ಮ್ಯೂ, 1997ರ ಮ್ಯೂ-II. ಸೋಪಿನ ಬಿಲ್ಲೆಯ ಹಾಗಿವೆ, ತುಂತುರು ಮಳೆ ತಡೆಯುತ್ತವೆ, ಫೋಟೋ ನಿಜಕ್ಕೂ ಚೆನ್ನಾಗಿ ಬರುತ್ತವೆ. ಆದರೆ ಬೆಲೆ ಹೆಸರಿನ ಮೇಲೆ ಏರಿದೆ. ಮ್ಯೂ-II ತೆರೆದಾಗಲೆಲ್ಲ ಫ್ಲ್ಯಾಶ್ ಆಟೋಗೆ ಮರಳುತ್ತದೆ, ಬೇಡವೆಂದರೆ ಪ್ರತಿ ಸಲ ಬಟನ್ ಒತ್ತಿ ಆಫ್ ಮಾಡಬೇಕು. ಫಿಲ್ಮ್ ಸ್ಪೀಡ್ ನಾವು ಹೇಳುವಂತಿಲ್ಲ, ಡಬ್ಬಿಯ ಮೇಲಿನ ಡಿಎಕ್ಸ್ ಕೋಡ್ ಓದಿಕೊಳ್ಳುತ್ತದೆ. ಕೋಡ್ ಇಲ್ಲದ ಫಿಲ್ಮ್ ಹಾಕಿದರೆ 100 ಎಂದುಕೊಳ್ಳುತ್ತದೆ. ಕೆಟ್ಟರೆ ಕಥೆ ಮುಗಿಯಿತು ಎಂದೇ ತಿಳಿಯಿರಿ. ಅಷ್ಟು ಹಣ ಅಂಥದ್ದರ ಮೇಲೆ ಹಾಕುವುದು ನನಗೆ ಒಗ್ಗುವುದಿಲ್ಲ. ಮಕ್ಕಳು, ಮದುವೆ, ಓಡಾಟ ಎಂದು ಯೋಚಿಸದೆ ತೆಗೆಯುವುದೇ ಬೇಕಿದ್ದರೆ ಅಷ್ಟು ಹೆಸರಿಲ್ಲದ 1980ರ ದಶಕದ ಆಟೋಫೋಕಸ್ ಸಾಕು.

ಝೂಮ್ ಇರುವ ಕಾಂಪ್ಯಾಕ್ಟ್ ಬೇಡವೇ ಬೇಡ. ಪೂರ್ತಿ ಝೂಮ್ ಮಾಡಿದಾಗ ಕೆಲವದರ ಅಪರ್ಚರ್ ಎಫ್/10 ದಾಟುತ್ತದೆ. ಬೆಳಕೇ ಒಳಗೆ ಹೋಗುವುದಿಲ್ಲ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು

ಸೆಲೀನಿಯಂ ಕ್ಯಾಮೆರಾ ಆದರೆ ಪರೀಕ್ಷೆ ಸುಲಭ. ಟ್ರಿಪ್‌ನ ಅಪರ್ಚರ್ ಉಂಗುರವನ್ನು ಎ (ಆಟೋ) ಗುರುತಿಗೆ ತಿರುಗಿಸಿ, ಲೆನ್ಸ್ ಪೂರ್ತಿ ಕೈಯಲ್ಲಿ ಮುಚ್ಚಿ ಬಟನ್ ಒತ್ತಿ. ಕೆಂಪು ಪಟ್ಟಿ ಏಳಬೇಕು. ಬೆಳಕಿಗೆ ಹಿಡಿದು ಒತ್ತಿದರೆ ಕ್ಲಿಕ್ ಆಗಬೇಕು. ಬಿಸಿಲಲ್ಲೂ ಕೆಂಪು ಪಟ್ಟಿಯೇ ಬಂದರೆ ಸೆಲ್ ಸತ್ತಿದೆ. ಕತ್ತಲಲ್ಲೂ ಕ್ಲಿಕ್ ಆದರೆ ಮುಳ್ಳೋ ಬೇರೆ ಯಾವುದೋ ಭಾಗವೋ ಸಿಕ್ಕಿಕೊಂಡಿದೆ.

ಬ್ಯಾಟರಿ ಗೂಡು ತೆರೆದು ನೋಡಿ. ಹಸಿರು, ಬಿಳಿ ಪುಡಿ ಇದ್ದರೆ ಹಳೇ ಸೆಲ್ ಸೋರಿದೆ. ಹಿಂದಿನ ಬಾಗಿಲು ತೆರೆದು, ಲೆನ್ಸ್ ಮೂಲಕ ಟಾರ್ಚ್ ಬಿಡಿ. ಜೇಡರ ಬಲೆಯಂತೆ ಎಳೆ ಎಳೆಯಾಗಿ ಕಂಡರೆ ಫಂಗಸ್, ಬಿಟ್ಟುಬಿಡಿ. ನಾಲ್ಕು ಚೂರು ಧೂಳು ಕಂಡರೆ ಚಿಂತೆಯಿಲ್ಲ. ಬಾಗಿಲ ಅಂಚಿನ ಕಪ್ಪು ಫೋಮ್ ಕರಗಿ ಅಂಟಂಟಾಗಿರುತ್ತದೆ, ಹೆಚ್ಚು ಕಡಿಮೆ ಎಲ್ಲ ಹಳೇ ಕ್ಯಾಮೆರಾದಲ್ಲೂ. ಅದಕ್ಕೆ ಹೆದರಬೇಡಿ. ಸ್ಪಿರಿಟ್‌ನಲ್ಲಿ ಒರೆಸಿ ಹೊಸ ಫೋಮ್ ಅಂಟಿಸುವುದು ಒಂದು ಸಂಜೆಯ ಕೆಲಸ. ಹಾಗೇ ಬಿಟ್ಟರೆ ಬೆಳಕು ನುಸುಳಿ ಫೋಟೋ ಮೇಲೆ ಕಿತ್ತಳೆ ಗೆರೆ ಬರುತ್ತದೆ.

ಮೊದಲ ರೋಲ್‌ಗೆ ಕಲರ್ ನೆಗೆಟಿವ್ (ಪ್ರಿಂಟ್ ಹಾಕಿಸುವ ಸಾಮಾನ್ಯ ಬಣ್ಣದ ಫಿಲ್ಮ್) ಹಾಕಿ. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಬೆಳಕು ಜಾಸ್ತಿಯಾದರೂ ಅದು ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಸಹಿಸುವುದಿಲ್ಲ. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರವಾಗಿ ಚಿತ್ರವೇ ಮೂಡುವ ಫಿಲ್ಮ್) ಈಗಲೇ ಬೇಡ. ಟ್ರಿಪ್‌ಗೆ 400ರ ಫಿಲ್ಮ್ ಸರಿಯಾಗಿ ಹೊಂದುತ್ತದೆ. ಮೇಲೆ ಹೇಳಿದ ಬಿಸಿಲಿನ ಸೂತ್ರದಲ್ಲೇ ಲೆಕ್ಕ ಹಾಕಿ: 400ಕ್ಕೆ ಎಫ್/16, 1/400. ಅದು ಎಫ್/22, 1/200ಕ್ಕೆ ಸಮ. ಟ್ರಿಪ್‌ನ ಕೊನೆಯ ಅಪರ್ಚರ್ ಎಫ್/22, ದೊಡ್ಡ ವೇಗ 1/200. ಸರಿಯಾಗಿ ಗಡಿಗೆ ಬಂದು ನಿಂತಿತು. ಮನೆಯೊಳಗೂ ಹೊರಗೂ ಒಂದೇ ರೋಲ್ ಬಳಸುವವರು ಇದನ್ನೇ ಹಾಕಲಿ. ಬರೀ ಬಿಸಿಲಲ್ಲಿ ತಿರುಗುವವರಿಗೆ 200 ಸಾಕು.

ಫಿಲ್ಮ್ ಹಾಕಿ ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಗುಬುಟು ನೋಡುತ್ತಾ ಒಂದೆರಡು ಫ್ರೇಮ್ ಮುಂದೆ ತಿರುಗಿಸಿ. ಗುಬುಟೂ ಜೊತೆಗೆ ತಿರುಗಿದರೆ ಫಿಲ್ಮ್ ಹಲ್ಲಿಗೆ ಸಿಕ್ಕಿದೆ. ತಿರುಗದಿದ್ದರೆ ತುದಿ ಜಾರಿದೆ, ಬಾಗಿಲು ತೆರೆದು ಮತ್ತೆ ಸಿಕ್ಕಿಸಿ.